ಸೈಕ್ಲಿಕ್ ಸಿಂಪಲ್ ಶಿಯರ್ ಯಂತ್ರ: ಮೊದಲು ಎತ್ತರ ನೋಡಿ, ಆವರ್ತನ ಆಮೇಲೆ

ಮಣ್ಣಿನ ಬಿಲ್ಲೆಯನ್ನು ಅಡ್ಡಕ್ಕೆ ಹಿಂದೆಮುಂದೆ ಅಲುಗಿಸಿ ಅದು ಎಷ್ಟು ತಡೆಯುತ್ತದೆ ಎಂದು ಅಳೆಯುವ ಈ ಯಂತ್ರದ ಯಾವ ಕ್ಯಾಟಲಾಗ್ ತೆರೆದರೂ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಆವರ್ತನ ಎದ್ದು ಕಾಣುತ್ತದೆ: 5 ಹರ್ಟ್ಸ್, 10 ಹರ್ಟ್ಸ್. ಕಡಲ ಗಾಳಿಯಂತ್ರಗಳ ಅಡಿಪಾಯಕ್ಕೆ ಮಣ್ಣು ಪರೀಕ್ಷಿಸುವವರಿಗೆ ಈ ಅಂಕಿಯಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಬಿರುಗಾಳಿಯ ದೊಡ್ಡ ಅಲೆ ಬರುವುದೇ ಎಂಟು ಹತ್ತು ಸೆಕೆಂಡಿಗೊಮ್ಮೆ. ಪರೀಕ್ಷೆ ನಡೆಯುವುದು 0.1 ಹರ್ಟ್ಸ್‌ನಲ್ಲಿ, ಅಂದರೆ ಹತ್ತು ಸೆಕೆಂಡಿಗೆ ಒಂದು ಸುತ್ತು. ಅಷ್ಟು ನಿಧಾನವಾಗಿ ಯಾವ ಮೋಟಾರ್ ಬೇಕಾದರೂ ತಿರುಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: 20 ಮಿಮೀ ಎತ್ತರದ ಮಣ್ಣಿನ ಬಿಲ್ಲೆಯನ್ನು ಸಾವಿರ ಸುತ್ತು ಅಲುಗಿಸುತ್ತಾ, ಅದರ ಎತ್ತರ ಕೂದಲೆಳೆಯಷ್ಟೂ ಬದಲಾಗದಂತೆ ಹಿಡಿಯಲು ಯಂತ್ರಕ್ಕೆ ಆಗುತ್ತದೆಯೇ?

ತೀರ್ಪು ಮೊದಲೇ ಹೇಳಿಬಿಡಬಹುದು. ಮೆದು ಮತ್ತು ಮಧ್ಯಮ ಜೇಡಿಮಣ್ಣಿಗೆ, ಎತ್ತರವನ್ನು ಸಕ್ರಿಯವಾಗಿ ನಿಯಂತ್ರಿಸುವ ವಿದ್ಯುತ್ ಮೋಟಾರಿನ ಮಾದರಿಯನ್ನು ಹಿಂದೆಮುಂದೆ ನೋಡದೆ ಕೊಳ್ಳಬಹುದು. ಗಟ್ಟಿಯಾಗಿ ಕೂತ ಮರಳಿಗೆ ಷರತ್ತಿನ ಮೇಲೆ ಕೊಳ್ಳಬೇಕು. ಷರತ್ತುಗಳು ಮುಂದೆ ಬರುತ್ತವೆ. ಅತಿ ಸಣ್ಣ ಸ್ಟ್ರೇನ್‌ನಲ್ಲಿ, ಅಂದರೆ ಎತ್ತರಕ್ಕೆ ಹೋಲಿಸಿದರೆ ಚಲನೆ ತೀರಾ ಕಡಿಮೆ ಇರುವಾಗ, ಮಣ್ಣಿನ ಬಿಗಿತ ಅಳೆಯಲು ಮಾತ್ರ ಇದು ಬೇಡ.

ಇಷ್ಟೊಂದು ಕಟ್ಟುನಿಟ್ಟು ಯಾಕೆಂದರೆ ಅಡಿಪಾಯದ ಕೆಲಸವೇ ಹಾಗಿದೆ. ಗಾಳಿ ಮೊನೊಪೈಲನ್ನು, ಅಂದರೆ ಗಾಳಿಯಂತ್ರವನ್ನು ಹೊತ್ತು ಸಮುದ್ರತಳದಲ್ಲಿ ನೆಟ್ಟ ಒಂಟಿ ಕಂಬವನ್ನು, ಒಂದೇ ಕಡೆಗೆ ತಳ್ಳುತ್ತಲೇ ಇರುತ್ತದೆ, ಅಲೆಗಳು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುತ್ತವೆ. ಹತ್ತು ಸೆಕೆಂಡಿಗೊಂದರಂತೆ ಲೆಕ್ಕ ಹಾಕಿದರೆ 25 ವರ್ಷಕ್ಕೆ ಸುಮಾರು 8 ಕೋಟಿ ಸುತ್ತು. ಸಮುದ್ರತಳದ ಮಟ್ಟದಲ್ಲಿ ಒಟ್ಟು ವಾಲುವಿಕೆಗೆ ರೂಢಿಯಲ್ಲಿರುವ ಮಿತಿ 0.5 ಡಿಗ್ರಿ. ಅದರಲ್ಲೂ 0.25 ಡಿಗ್ರಿ ಕಂಬ ನೆಡುವಾಗಿನ ಓರೆಗೇ ಮೀಸಲು. ಉಳಿದ ಕಾಲು ಡಿಗ್ರಿಯಲ್ಲಿ ಮಣ್ಣು ಇಡೀ ಆಯುಷ್ಯ ಕಳೆಯಬೇಕು. ಇನ್ನೊಂದು ಕಡೆ, ಗೋಪುರದ ಸಹಜ ಆವರ್ತನ ರೋಟರಿನ ಒಂದು ಸುತ್ತಿನ ಆವರ್ತನಕ್ಕೂ ಮೂರು ರೆಕ್ಕೆಗಳು ಹಾದುಹೋಗುವ ಆವರ್ತನಕ್ಕೂ ನಡುವಿನ ಇಕ್ಕಟ್ಟಿನ ಜಾಗದಲ್ಲಿ ಕೂರಬೇಕು. ಮಣ್ಣು ಮೆತ್ತಗಾದರೂ, ಗಟ್ಟಿಯಾದರೂ ಅದು ಜಾರಿ ಯಾವುದಾದರೊಂದು ಗೋಡೆಗೆ ತಾಗುತ್ತದೆ. ಕಂಬ ಎಷ್ಟು ಸರಿದರೆ ಮಣ್ಣು ಎಷ್ಟು ತಡೆಯುತ್ತದೆ ಎನ್ನುವ ಹಳೆಯ ಪಿ-ವೈ ಸೂತ್ರಗಳನ್ನು ನಂಬಿ ಕೂರೋಣವೆಂದರೆ, ಮರಳಿನ ಸೂತ್ರ ಹುಟ್ಟಿದ್ದು ಟೆಕ್ಸಾಸ್‌ನ ಮಸ್ಟಾಂಗ್ ದ್ವೀಪದಲ್ಲಿ, 0.61 ಮೀಟರ್ ವ್ಯಾಸದ ಪೈಲ್‌ಗಳ ಮೇಲೆ. ಇಂದಿನ ಮೊನೊಪೈಲ್ 8 ಮೀಟರ್ ದಾಟಿದೆ. ಹಾಗಾಗಿ ಆಯಾ ಜಾಗದ ಮಣ್ಣನ್ನೇ ತಂದು ಅಲುಗಿಸಿ ನೋಡದೆ ಗತ್ಯಂತರವಿಲ್ಲ.

ಅಲುಗಿಸಿದಾಗ ಆಗುವುದು ಇಷ್ಟು. ಪ್ರತಿ ಸುತ್ತಿಗೂ ಕಣಗಳು ಚೂರು ಜಾರಿ ಇನ್ನಷ್ಟು ಒತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಹೊರಹೋಗಲು ಪುರುಸೊತ್ತಿಲ್ಲದಿದ್ದರೆ ಆ ಭಾರ ನೀರಿನ ಮೇಲೆ ಬೀಳುತ್ತದೆ. ರಂಧ್ರಜಲದ ಒತ್ತಡ ಏರುತ್ತದೆ, ಕಣಕಣಗಳ ನಡುವಿನ ಒತ್ತಡ ಅಷ್ಟೇ ಇಳಿಯುತ್ತದೆ, ಮಣ್ಣು ಮೆತ್ತಗಾಗುತ್ತದೆ. ಮರಳಿನಲ್ಲಿ ನೀರು ಬಿರುಗಾಳಿಯ ನಡುವೆಯೇ ಭಾಗಶಃ ಸೋರಿಹೋಗುತ್ತದೆ, ಜೇಡಿಯಲ್ಲಿ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ.

ಸಿಂಪಲ್ ಶಿಯರ್ ಯಂತ್ರ ಇದನ್ನು ಹಿಡಿಯುವ ರೀತಿ ಬಹಳ ಚೊಕ್ಕಟ. ಸುಮಾರು 70 ಮಿಮೀ ವ್ಯಾಸ, 20 ಮಿಮೀ ಎತ್ತರದ ಮಣ್ಣಿನ ಬಿಲ್ಲೆ. ಸುತ್ತ ಹಿಗ್ಗದಂತೆ ಕವಚ, ಮೇಲಿನಿಂದ ಲಂಬ ಭಾರ, ತಳ ಅಥವಾ ತಲೆಯನ್ನು ಹಿಡಿದು ಅಡ್ಡಕ್ಕೆ ಎಳೆತ. ಇಸ್ಪೀಟಿನ ಕಟ್ಟನ್ನು ಅಂಗೈಯಲ್ಲಿ ಓರೆ ಮಾಡಿದ ಹಾಗೆ. ಈ ವಿನ್ಯಾಸವನ್ನು 1966ರಲ್ಲಿ ಬ್ಯೆರುಮ್ ಮತ್ತು ಲಾಂಡ್ವಾ ನಾರ್ವೆಯ ಭೂತಾಂತ್ರಿಕ ಸಂಸ್ಥೆಯಿಂದ ಪ್ರಕಟಿಸಿದರು. ನೀರು ಹೊರಹೋಗುವ ದಾರಿ ಮುಚ್ಚುವ ಬದಲು ಇಲ್ಲಿ ಬಿಲ್ಲೆಯ ಎತ್ತರವನ್ನೇ ಸ್ಥಿರವಾಗಿ ಹಿಡಿಯುತ್ತಾರೆ. ಮಣ್ಣು ಕುಗ್ಗಲು ನೋಡುತ್ತದೆ, ಯಂತ್ರ ಕುಗ್ಗಗೊಡುವುದಿಲ್ಲ, ಆಗ ಲಂಬ ಒತ್ತಡ ಇಳಿಯುತ್ತದೆ. ಆ ಇಳಿಕೆಯೇ, ನೀರು ಸಿಕ್ಕಿಕೊಂಡಿದ್ದರೆ ಏರುತ್ತಿದ್ದ ರಂಧ್ರಜಲದ ಒತ್ತಡ. ಎರಡೂ ಒಂದೇ ಉತ್ತರ ಕೊಡುತ್ತವೆ ಎಂಬುದನ್ನು 1987ರಲ್ಲಿ ಡೈವಿಕ್ ಮತ್ತು ಸಂಗಡಿಗರು ಜೇಡಿಮಣ್ಣಿನ ಮೇಲೆ ತೋರಿಸಿಕೊಟ್ಟರು. ಒತ್ತಡದ ಕೋಶ ಬೇಡ, ರಂಧ್ರಜಲಕ್ಕೆ ಹೊರಗಿನಿಂದ ಹಾಕುವ ಬ್ಯಾಕ್ ಪ್ರೆಶರ್ ಬೇಡ, ಪೂರ್ತಿ ನೀರು ತುಂಬಿಸುವ ರಗಳೆಯೂ ಬೇಡ. ಮಣ್ಣನ್ನು ಕೋಶದೊಳಗಿಟ್ಟು ಸುತ್ತಲಿಂದ ಒತ್ತಿ ಪರೀಕ್ಷಿಸುವ ಟ್ರಯಾಕ್ಸಿಯಲ್ ಯಂತ್ರದ ಮುಂದೆ ನಿಂತು ಬೆವರಿದವರಿಗೆ ಇದು ದೊಡ್ಡ ನೆಮ್ಮದಿ.

ಆದರೆ ಆ ನೆಮ್ಮದಿಗೆ ಒಂದು ಬೆಲೆ ಇದೆ. ಎಲ್ಲವೂ ಎತ್ತರದ ಮೇಲೆ ನಿಂತಿದೆ. ಎತ್ತರ ಶೇ 0.05ರೊಳಗೆ ಇರಬೇಕು ಎನ್ನುವುದು ಪ್ರಯೋಗಾಲಯಗಳಲ್ಲಿ ಬಳಕೆಯ ಮಿತಿ. 20 ಮಿಮೀ ಬಿಲ್ಲೆಗೆ ಅದು 0.01 ಮಿಮೀ, ಅಂದರೆ ಹತ್ತು ಮೈಕ್ರಾನ್. ಕೇಳಲು ಬಿಗಿಯಾಗಿಯೇ ಇದೆ. ಈಗ ಮರಳಿಗೆ ಅನ್ವಯಿಸಿ ನೋಡಿ. ಒತ್ತಾಗಿ ಕೂತ ಮರಳಿನ ಲಂಬ ಬಿಗಿತ 50 ಮೆಗಾಪಾಸ್ಕಲ್ ಎಂದಿಟ್ಟುಕೊಳ್ಳಿ. ಹತ್ತು ಮೈಕ್ರಾನ್ ಕುಗ್ಗಿದರೆ ಸ್ಟ್ರೇನ್ 0.0005, ಒತ್ತಡದ ವ್ಯತ್ಯಾಸ 25 ಕಿಲೋಪಾಸ್ಕಲ್. ಪರೀಕ್ಷೆ 100 ಕಿಲೋಪಾಸ್ಕಲ್‌ನಲ್ಲಿ ನಡೆಯುತ್ತಿದ್ದರೆ ಕಾಲು ಭಾಗ ತಪ್ಪು, ಅದೂ ಮಿತಿಯೊಳಗೇ ಇದ್ದುಕೊಂಡು! ಮೆದು ಜೇಡಿಯ ಬಿಗಿತ 2 ಮೆಗಾಪಾಸ್ಕಲ್ ಎಂದರೆ ಅದೇ ಹತ್ತು ಮೈಕ್ರಾನ್‌ಗೆ ವ್ಯತ್ಯಾಸ 1 ಕಿಲೋಪಾಸ್ಕಲ್ ಮಾತ್ರ. ಜೇಡಿಗೆ ಕಣ್ಣುಮುಚ್ಚಿ, ಮರಳಿಗೆ ಷರತ್ತಿನ ಮೇಲೆ ಎಂದಿದ್ದು ಇದಕ್ಕೇ.

ಮರಳಿಗೆ ಬೇಕಿರುವುದು ಒಂದೆರಡು ಮೈಕ್ರಾನಿನ ಹಿಡಿತ. ಅದಕ್ಕೆ ಎರಡು ದಾರಿಗಳಿವೆ, ಮಾರುಕಟ್ಟೆಯಲ್ಲಿ ಎರಡೂ ಸಿಗುತ್ತವೆ. ಅಗ್ಗದ ಮಾದರಿಗಳಲ್ಲಿ ಲಂಬ ದಂಡವನ್ನು ಒಂದು ಕ್ಲಾಂಪ್ ಹಾಕಿ ಬಿಗಿದುಬಿಡುತ್ತಾರೆ. ದಂಡ ಅಲ್ಲಾಡುವುದಿಲ್ಲ ನಿಜ, ಆದರೆ ಚೌಕಟ್ಟು ಅಲ್ಲಾಡುತ್ತದೆ. 70 ಮಿಮೀ ಬಿಲ್ಲೆಯ ಮೇಲೆ 100 ಕಿಲೋಪಾಸ್ಕಲ್ ಎಂದರೆ ಸುಮಾರು 385 ನ್ಯೂಟನ್. ಚೌಕಟ್ಟು, ದಂಡ, ಬಲ ಅಳೆಯುವ ಲೋಡ್ ಸೆಲ್ ಎಲ್ಲ ಸೇರಿದ ಬಿಗಿತ ಮಿಲಿಮೀಟರಿಗೆ 50 ಕಿಲೋನ್ಯೂಟನ್ ಇದ್ದರೆ, ಮಣ್ಣು ಮೆತ್ತಗಾಗಿ ಆ ಭಾರ ಸೊನ್ನೆಗೆ ಇಳಿಯುವಷ್ಟರಲ್ಲಿ ಚೌಕಟ್ಟು ಸುಮಾರು 8 ಮೈಕ್ರಾನ್ ಸಡಿಲಗೊಂಡಿರುತ್ತದೆ. ಯಾವ ಕಡೆಗೆ ಎನ್ನುವುದೇ ಇಲ್ಲಿ ಮುಖ್ಯ. ಭಾರ ಹೊತ್ತಾಗ ಮೇಲಕ್ಕೆ ಹಿಗ್ಗಿದ್ದ ಚೌಕಟ್ಟು ಈಗ ಕೆಳಗಿಳಿದು ಮಣ್ಣನ್ನು ಮತ್ತೆ ಒತ್ತುತ್ತದೆ, ಕಳೆದುಕೊಂಡ ಒತ್ತಡದಲ್ಲಿ ಒಂದಷ್ಟನ್ನು ಸದ್ದಿಲ್ಲದೆ ವಾಪಸ್ ಕೊಡುತ್ತದೆ. ಮರಳು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ತಪ್ಪು ನಿಮ್ಮ ಸುರಕ್ಷತೆಯ ವಿರುದ್ಧ ದಿಕ್ಕಿಗೆ ಹೋಗುತ್ತದೆ, ವರದಿಯಲ್ಲಿ ಮಾತ್ರ ಎತ್ತರ ‘ಸ್ಥಿರ’ ಎಂದೇ ಅಚ್ಚಾಗಿರುತ್ತದೆ.

ಎರಡನೆಯ ದಾರಿ, ಎತ್ತರ ಅಳೆಯುತ್ತಾ ಮೋಟಾರಿನಿಂದ ತಿದ್ದುತ್ತಾ ಹೋಗುವುದು. ಇಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ: ಅಳೆಯುವ ಸಂವೇದಕ ಎಲ್ಲಿದೆ? ಚೌಕಟ್ಟಿನ ತಲೆಯ ಮೇಲೋ, ಬಿಲ್ಲೆಯ ಮುಚ್ಚಳಕ್ಕೇ ತಾಗಿಕೊಂಡೋ? ತಲೆಯ ಮೇಲಿದ್ದರೆ ಅದು ಲೋಡ್ ಸೆಲ್‌ನ ಕುಗ್ಗುವಿಕೆಯನ್ನೂ ಮಣ್ಣಿನ ಲೆಕ್ಕಕ್ಕೇ ಬರೆಯುತ್ತದೆ. ಸಕ್ರಿಯ ನಿಯಂತ್ರಣ ಎಂಬ ಹೆಸರು ಇದ್ದೂ ಕ್ಲಾಂಪಿನ ರೋಗವೇ ಮರುಕಳಿಸುತ್ತದೆ. ಮುಚ್ಚಳದ ಎರಡು ಬದಿಗೆ ಎರಡು ಸಂವೇದಕಗಳಿದ್ದು ಸರಾಸರಿ ತೆಗೆದುಕೊಳ್ಳುವ ಮಾದರಿಗಳು ಅತ್ಯುತ್ತಮ, ಮುಚ್ಚಳ ಓರೆಯಾದರೆ ಅದೂ ಗೊತ್ತಾಗುತ್ತದೆ. ತಾಂತ್ರಿಕ ಪಟ್ಟಿಯಲ್ಲಿ ಇದು ಇಲ್ಲದಿದ್ದರೆ ಚಿತ್ರ ಕೇಳಿ ತರಿಸಿಕೊಳ್ಳಿ.

ಕವಚದ ವಿಷಯಕ್ಕೆ ಬಂದರೆ ಎರಡು ಪಂಗಡಗಳಿವೆ. ತಂತಿ ಸುತ್ತಿದ ರಬ್ಬರ್ ಮೆಂಬ್ರೇನ್ ಒಂದು, ಒಂದರ ಮೇಲೊಂದು ಪೇರಿಸಿದ ತೆಳು ಲೋಹದ ಉಂಗುರಗಳು ಇನ್ನೊಂದು. ತಂತಿಯದು ಜೇಡಿಗೆ ಹೇಳಿ ಮಾಡಿಸಿದ್ದು. ಘರ್ಷಣೆ ಅತ್ಯಲ್ಪ, ಮೈಗೆ ಅಂಟಿಕೊಂಡಿರುತ್ತದೆ. ಆದರೆ ವ್ಯಾಸಕ್ಕೂ ಗರಿಷ್ಠ ಒತ್ತಡಕ್ಕೂ ಹೊಂದುವ ಮೆಂಬ್ರೇನನ್ನೇ ತರಿಸಬೇಕು, ಅದೊಂದು ಸವೆಯುವ ಸಾಮಾನು, ಚೂಪು ಮರಳಿಗೆ ಬೇಗ ಹರಿಯುತ್ತದೆ. ಉಂಗುರಗಳು ಬಾಳಿಕೆ ಬರುತ್ತವೆ, ಮರಳಿಗೆ ಅನುಕೂಲ. ಇವುಗಳ ಕಾಟ ಘರ್ಷಣೆ. ಟೆಫ್ಲಾನ್ ಲೇಪ ಸವೆದರೆ, ಅಥವಾ ಒಳಗಿನ ತೆಳು ರಬ್ಬರ್ ತೂತಾಗಿ ಎರಡು ಮರಳ ಕಣ ಉಂಗುರಗಳ ಸಂದಿಗೆ ಸಿಕ್ಕರೆ, ಮಣ್ಣಿನ ಶಕ್ತಿಗೆ ಉಂಗುರದ ಶಕ್ತಿಯೂ ಸೇರುತ್ತದೆ. ಒತ್ತಡ ಹೆಚ್ಚಿದ್ದಾಗ ಇದು ಲೆಕ್ಕಕ್ಕೆ ಬರುವುದಿಲ್ಲ. ಮರಳು ದ್ರವದಂತಾಗುವ ಕೊನೆಯ ಸುತ್ತುಗಳಲ್ಲಿ ಮಣ್ಣಿನ ಶಕ್ತಿಯೇ ಒಂದೆರಡು ಕಿಲೋಪಾಸ್ಕಲ್‌ಗೆ ಇಳಿದಿರುತ್ತದೆ, ಆಗ ನೀವು ಅಳೆಯುತ್ತಿರುವುದು ಉಂಗುರವನ್ನೇ. ಪರಿಹಾರ ಸುಲಭ: ಕವಚಕ್ಕೆ ಮಣ್ಣಿನ ಬದಲು ನೀರು ತುಂಬಿಸಿ, ಮುಚ್ಚಳವನ್ನು ಪ್ರತ್ಯೇಕವಾಗಿ ಹಿಡಿದು, ಪರೀಕ್ಷೆಯ ಪೂರ್ತಿ ಅಂತರಕ್ಕೆ ಅಡ್ಡಕ್ಕೆ ಎಳೆದು ಪ್ರತಿರೋಧ ಬರೆದಿಟ್ಟುಕೊಳ್ಳಿ. ಹೊಸದರಲ್ಲಿ ಒಮ್ಮೆ, ಆಮೇಲೆ ಪ್ರತಿ ಯೋಜನೆಯ ಆರಂಭದಲ್ಲಿ ಒಮ್ಮೆ.

ಲೋಡ್ ಸೆಲ್ ಆಯ್ಕೆಯಲ್ಲಿ ಮಾರಾಟಗಾರರು ಉದಾರಿಗಳು. 5 ಕಿಲೋನ್ಯೂಟನ್ ಅಡ್ಡ ಸೆಲ್ ಕೊಟ್ಟು ‘ಎಲ್ಲದಕ್ಕೂ ಆಯಿತು’ ಎನ್ನುತ್ತಾರೆ. ಪೂರ್ಣ ಅಳತೆಯ ಶೇ 0.1 ನಿಖರತೆ ಎಂದರೆ 5 ನ್ಯೂಟನ್, ನಮ್ಮ ಬಿಲ್ಲೆಯ ಮೇಲೆ 1.3 ಕಿಲೋಪಾಸ್ಕಲ್. ಸಮುದ್ರತಳದ ಮೇಲ್ಪದರದ ಮೆದು ಜೇಡಿಯ ಶಕ್ತಿಯೇ 10 ಕಿಲೋಪಾಸ್ಕಲ್ ಇರಬಹುದು, ಅದಕ್ಕೆ ಹಾಕುವ ಆವರ್ತಕ ಒತ್ತಡ 3 ಕಿಲೋಪಾಸ್ಕಲ್. ಅದರಲ್ಲಿ 1.3 ಅನುಮಾನ! 500 ನ್ಯೂಟನ್‌ನ ಇನ್ನೊಂದು ಸೆಲ್ ಆರ್ಡರ್‌ನಲ್ಲೇ ಸೇರಿಸಿ.

ಚಾಲನೆಯಲ್ಲಿ ಗಾಳಿ ಒತ್ತಡದ ಸಿಲಿಂಡರ್‌ಗಳು ಶುರುವಿನಲ್ಲಿ ಸೊಗಸಾಗಿ ನಡೆಯುತ್ತವೆ, ಮಣ್ಣು ಮೆತ್ತಗಾದಾಗ ಕೈಕೊಡುತ್ತವೆ. ಗಾಳಿ ಕುಗ್ಗುವ ವಸ್ತು. ಬಿಗಿತ ದಿಢೀರನೆ ಕುಸಿದರೆ ಸಿಲಿಂಡರ್ ನುಗ್ಗಿಬಿಡುತ್ತದೆ, ಸೈನ್ ಅಲೆ ಚಪ್ಪಟೆಯಾಗುತ್ತದೆ, ನೀವು ಕೇಳಿದ ಒತ್ತಡವೇ ಮಣ್ಣಿಗೆ ತಲುಪುವುದಿಲ್ಲ. ಸ್ಟ್ರೇನ್ ನಿಯಂತ್ರಣ ಇವುಗಳಿಂದ ಆಗದ ಮಾತು. ವಿದ್ಯುತ್ ಮೋಟಾರ್ ಮತ್ತು ಅದರ ತಿರುಗಾಟವನ್ನು ನೇರ ಚಲನೆಯಾಗಿಸುವ ಬಾಲ್ ಸ್ಕ್ರೂ ಜೋಡಿ ಎಷ್ಟೋ ವಾಸಿ, ಆದರೆ ಸ್ಕ್ರೂನಲ್ಲಿ ಸಡಿಲವಿದ್ದರೆ ಪ್ರತಿ ಬಾರಿ ದಿಕ್ಕು ಬದಲಾದಾಗ ಒಂದು ಕ್ಷಣ ಏನೂ ನಡೆಯುವುದಿಲ್ಲ. ಒತ್ತಡ-ಸ್ಟ್ರೇನ್ ಗ್ರಾಫಿನಲ್ಲಿ ಪ್ರತಿ ಸುತ್ತು ಬರೆಯುವ ಕುಣಿಕೆಯಲ್ಲಿ ಅದು ಸೊನ್ನೆಯ ಹತ್ತಿರ ಪುಟ್ಟ ಮೆಟ್ಟಿಲಿನಂತೆ ಕಾಣುತ್ತದೆ. ಮರಳು ದ್ರವದಂತಾದಾಗಲೂ ಸೊನ್ನೆಯ ಬಳಿ ಕುಣಿಕೆ ಚಪ್ಪಟೆಯಾಗುತ್ತದೆ. ಎರಡರ ವ್ಯತ್ಯಾಸ ಹೀಗೆ: ಯಂತ್ರದ ಮೆಟ್ಟಿಲು ಮೊದಲ ಸುತ್ತಿನಿಂದಲೇ ಇರುತ್ತದೆ, ಅಗಲವೂ ಬದಲಾಗುವುದಿಲ್ಲ. ಮಣ್ಣಿನದು ಸುತ್ತಿನಿಂದ ಸುತ್ತಿಗೆ ಬೆಳೆಯುತ್ತದೆ.

ಕುಣಿಕೆಯ ಬಗ್ಗೆಯೇ ಇನ್ನೊಂದು ಮಾತು. ಅಲುಗಾಟದ ಶಕ್ತಿಯನ್ನು ಮಣ್ಣು ಎಷ್ಟು ಹೀರುತ್ತದೆ ಎನ್ನುವ ಡ್ಯಾಂಪಿಂಗ್ ಲೆಕ್ಕ ಅದರ ಹೊಟ್ಟೆಯ ವಿಸ್ತೀರ್ಣದಿಂದ ಬರುತ್ತದೆ. ಬಲ ಮತ್ತು ಚಲನೆಯ ಸಂಕೇತಗಳ ನಡುವೆ 20 ಮಿಲಿಸೆಕೆಂಡ್ ವಿಳಂಬವಿದ್ದರೆ 0.1 ಹರ್ಟ್ಸ್‌ನಲ್ಲಿ ಸುಮಾರು ಶೇ 0.6 ಸುಳ್ಳು ಡ್ಯಾಂಪಿಂಗ್ ಹುಟ್ಟುತ್ತದೆ. 1 ಹರ್ಟ್ಸ್‌ಗೆ ಏರಿಸಿದರೆ ಅದೇ ವಿಳಂಬ ಶೇ 6ಕ್ಕೂ ಮಿಕ್ಕಿ ತೋರಿಸುತ್ತದೆ. ‘10 ಹರ್ಟ್ಸ್ ಯಂತ್ರ’ ಎಂದು ಬೀಗುವವರ ಹತ್ತಿರ ಈ ವಿಳಂಬದ ಅಂಕಿ ಕೇಳಿ ನೋಡಿ. ಸ್ಪ್ರಿಂಗ್ ಸ್ಟೀಲಿನ ನಕಲಿ ಮಾದರಿಯೊಂದನ್ನು ಇಟ್ಟು ಅಲುಗಿಸಿದರೆ ಸತ್ಯ ತಾನಾಗಿ ಹೊರಬರುತ್ತದೆ: ಉಕ್ಕಿಗೆ ಡ್ಯಾಂಪಿಂಗ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಕುಣಿಕೆ ಒಂದು ಗೆರೆಯಾಗಿಯೇ ಇರಬೇಕು. ಹೊಟ್ಟೆ ಬಂದಿದ್ದರೆ ಅದು ಯಂತ್ರದ್ದು.

ಯಂತ್ರ ಎಷ್ಟೇ ಒಳ್ಳೆಯದಿರಲಿ, ಬಿಲ್ಲೆ ಕೂರಿಸುವಲ್ಲಿ ಎಡವಿದರೆ ಮುಗಿಯಿತು. ಮುಚ್ಚಳ ಮತ್ತು ತಳದ ರಂಧ್ರಶಿಲೆಗಳಿಗೆ ಹಲ್ಲು ಅಥವಾ ಪಿನ್‌ಗಳಿರಬೇಕು. ನುಣುಪು ಶಿಲೆಯ ಮೇಲೆ ಗಟ್ಟಿ ಜೇಡಿ ಜಾರುತ್ತದೆ, ಪರದೆಯ ಮೇಲೆ ಸ್ಟ್ರೇನ್ ಏರುತ್ತಿರುತ್ತದೆ, ಮಣ್ಣು ಮಾತ್ರ ಶಿಯರ್ ಆಗಿರುವುದೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ಮುಚ್ಚಳ ಎತ್ತಿ ಬಿಲ್ಲೆಯ ಮುಖ ನೋಡಿ. ಪಿನ್ನಿನ ಗುರುತು ಸೂಜಿ ಚುಚ್ಚಿದ ಹಾಗೆ ದುಂಡಗಿದ್ದರೆ ಸರಿ. ಗೀರಿನಂತೆ ಉದ್ದಕ್ಕೆ ಎಳೆದಿದ್ದರೆ ಆ ಪರೀಕ್ಷೆ ಕಸದ ಬುಟ್ಟಿಗೆ. ಕಡಲ ಜೇಡಿಗೆ ಶುದ್ಧ ನೀರು ಸೋಕಿಸಬಾರದು, ಮೂಲದ ಉಪ್ಪಿನಂಶಕ್ಕೆ ಹೊಂದಿಸಿದ ನೀರನ್ನೇ ಬಳಸಬೇಕು. ಉಪ್ಪುನೀರು ಎಂದ ಮೇಲೆ ತುಕ್ಕು. ತಳದ ತೊಟ್ಟಿ, ತಿರುಪುಗಳು ಸ್ಟೇನ್‌ಲೆಸ್ ಅಲ್ಲದ ಮಾದರಿಗಳನ್ನು ಪಟ್ಟಿಯಿಂದ ಅಲ್ಲೇ ತೆಗೆದುಹಾಕಬಹುದು.

ಜೇಡಿಮಣ್ಣಿನ ಗುಣಮಟ್ಟಕ್ಕೆ ಲುನ್ನೆ ಮತ್ತು ಸಂಗಡಿಗರ 1997ರ ಅಳತೆಗೋಲು ಇಂದಿಗೂ ನಡೆಯುತ್ತದೆ. ಮೂಲ ಒತ್ತಡಕ್ಕೆ ಮರಳಿ ತರುವಾಗ ರಂಧ್ರಾನುಪಾತ (ಕಣಗಳ ಗಾತ್ರಕ್ಕೆ ನಡುವಿನ ಖಾಲಿ ಜಾಗದ ಅನುಪಾತ) ಎಷ್ಟು ಕುಗ್ಗಿತು, ಅದು ಆರಂಭದ ಅನುಪಾತದ ಎಷ್ಟು ಪಾಲು ಎಂದು ನೋಡುವುದು. ಹಿಂದೆ ಹೆಚ್ಚು ಭಾರ ಹೊರದ ಮಣ್ಣಿಗೆ 0.04ರ ಒಳಗಿದ್ದರೆ ಅತ್ಯುತ್ತಮ, 0.07ರವರೆಗೆ ಪರವಾಗಿಲ್ಲ, 0.14 ಮೀರಿದರೆ ಆ ಮಾದರಿ ಕಡಲಿಂದ ಮೇಲೆ ಬರುವಾಗಲೇ ಸತ್ತಿದೆ. ಮರಳಿನ ಕಥೆ ಬೇರೆ. ಅದನ್ನು ಅಖಂಡವಾಗಿ ತರಲು ಆಗದು, ಪ್ರಯೋಗಾಲಯದಲ್ಲೇ ಮತ್ತೆ ಕಟ್ಟುತ್ತಾರೆ. ಹೊಸದಾಗಿ ಕಟ್ಟಿದ ಮರಳು ಕಡಲಡಿಯ ಮರಳಿನಷ್ಟು ಪಳಗಿರುವುದಿಲ್ಲ, ಅಲ್ಲಿನ ಮರಳು ಎಷ್ಟೋ ಸಣ್ಣಪುಟ್ಟ ಬಿರುಗಾಳಿ ಕಂಡಿರುತ್ತದೆ. ಅದಕ್ಕೇ ಮುಖ್ಯ ಪರೀಕ್ಷೆಗೆ ಮುನ್ನ ನೀರು ಸೋರಲು ಬಿಟ್ಟು, ಲಂಬ ಒತ್ತಡದ ಶೇ 4ರಷ್ಟು ಶಿಯರ್‌ನಲ್ಲಿ 400 ಸುತ್ತು ಪಳಗಿಸುವ ರೂಢಿ ಇದೆ. ಇದನ್ನು ಬಿಟ್ಟರೆ ಮರಳು ಅನ್ಯಾಯವಾಗಿ ದುರ್ಬಲವಾಗಿ ಕಾಣುತ್ತದೆ. ಈ ಹಂತಕ್ಕೆ ಯಂತ್ರ ಲಂಬ ಒತ್ತಡವನ್ನು ಸ್ಥಿರವಾಗಿಡಬೇಕು, ಮುಂದಿನ ಹಂತಕ್ಕೆ ಎತ್ತರವನ್ನು. ಒಂದರಿಂದ ಇನ್ನೊಂದಕ್ಕೆ ಹೊರಳುವ ಆ ಕ್ಷಣದಲ್ಲಿ ಕೆಲವು ಸಾಫ್ಟ್‌ವೇರ್‌ಗಳು ಒಂದು ಗುದ್ದು ಕೊಡುತ್ತವೆ. ಲಂಬ ಒತ್ತಡದ ಗ್ರಾಫಿನಲ್ಲಿ ಚೂಪಾದ ಮೂಗು ಕಂಡರೆ ಪಳಗಿಸಿದ ಶ್ರಮವೆಲ್ಲ ನೀರುಪಾಲು.

ಪರೀಕ್ಷೆಗಳ ಲೆಕ್ಕ ಹಾಕುವಾಗ ಮಣ್ಣಿನ ಲೆಕ್ಕವನ್ನೂ ಹಾಕಿ. ಒಂದು ಬಿಲ್ಲೆಗೆ ಸವರಿ ತೆಗೆದದ್ದೂ ಸೇರಿ ಕೊಳವೆಯ 4-5 ಸೆಂಮೀ ಬೇಕು. ಒಂದು ಪದರಕ್ಕೆ ಅಲುಗಿಸದೆ ಒಂದೇ ಕಡೆಗೆ ಎಳೆಯುವ ಒಂದು ಪರೀಕ್ಷೆ, ಸಮ್ಮಿತವಾಗಿ ಅಲುಗಿಸುವ ಮೂರು, ಸರಾಸರಿ ಒತ್ತಡ ಹಾಕಿ ಅಲುಗಿಸುವ ಎರಡು ಎಂದರೆ 30 ಸೆಂಮೀ, ಅದೂ ಒಂದೇ ಹದದ ಮಣ್ಣು. ಸಮ್ಮಿತ ಮೂರನ್ನು 10, 100, 1000 ಸುತ್ತಿನ ಆಸುಪಾಸಿನಲ್ಲಿ ಸೋಲುವಂತೆ ಆರಿಸಿದರೆ ಎಷ್ಟು ಒತ್ತಡಕ್ಕೆ ಎಷ್ಟು ಸುತ್ತಿನಲ್ಲಿ ಎಷ್ಟು ಸ್ಟ್ರೇನ್ ಎಂದು ಗೆರೆಗಳಲ್ಲಿ ತೋರಿಸುವ ಕಾಂಟೂರ್ ನಕ್ಷೆ ಚೆನ್ನಾಗಿ ಕೂರುತ್ತದೆ. ನಾರ್ವೆಯ ಡ್ರಾಮೆನ್ ಜೇಡಿಯ ಮೇಲೆ ಕ್ನುಟ್ ಆಂಡರ್ಸನ್ ಕಟ್ಟಿದ ನಕ್ಷೆಗಳೇ ಇದಕ್ಕೆ ಮೂಲಮಾದರಿ. ಸರಾಸರಿ ಒತ್ತಡದ ಪರೀಕ್ಷೆಗಳನ್ನು ಹಣ ಉಳಿಸಲು ಕೈಬಿಡುವುದು ದುಬಾರಿ ಉಳಿತಾಯ. ಸಮ್ಮಿತ ಪರೀಕ್ಷೆ ಮಣ್ಣು ಎಷ್ಟು ಮೆತ್ತಗಾಯಿತು ಎನ್ನುತ್ತದೆ, ಕಂಬ ಎಷ್ಟು ವಾಲಿತು ಎಂಬುದಕ್ಕೆ ಉತ್ತರ ಒಂದು ಕಡೆ ತಳ್ಳಿ ಅಲುಗಿಸಿದ ಪರೀಕ್ಷೆಯಲ್ಲಿದೆ. ಒಣ ಮರಳಿನ ಸಣ್ಣ ಮಾದರಿಯಲ್ಲಿ ಲಬ್ಲಾಂಕ್, ಹೌಲ್ಸ್‌ಬಿ ಮತ್ತು ಬರ್ನ್ 2010ರಲ್ಲಿ ತೋರಿಸಿದಂತೆ, ಅತಿ ಹೆಚ್ಚು ವಾಲಿಸುವುದು ಪೂರ್ತಿ ಏಕಮುಖ ಭಾರವೂ ಅಲ್ಲ, ಪೂರ್ತಿ ಸಮ್ಮಿತ ಭಾರವೂ ಅಲ್ಲ, ನಡುವಿನದು.

ಆ ಸರಾಸರಿ ಒತ್ತಡವನ್ನು ನೀರು ಸೋರಲು ಬಿಟ್ಟು ಹಾಕಬೇಕೇ, ಎತ್ತರ ಹಿಡಿದು ಹಾಕಬೇಕೇ ಎಂದು ಪ್ರಯೋಗಾಲಯಕ್ಕೆ ಬರೆದು ತಿಳಿಸಿ. ಕಾಲಾಂತರದಿಂದ ಇರುವ ಭಾರ ಸೋರುವ ಲೆಕ್ಕ, ಬಿರುಗಾಳಿಯ ಜೊತೆ ಬಂದ ಗಾಳಿಯ ತಳ್ಳು ಜೇಡಿಯಲ್ಲಿ ಸೋರದ ಲೆಕ್ಕ. ಹೇಳದಿದ್ದರೆ ಅವರವರ ಅಭ್ಯಾಸದಂತೆ ಮಾಡುತ್ತಾರೆ, ಫಲಿತಾಂಶ ಗಣನೀಯವಾಗಿ ಬದಲಾಗುತ್ತದೆ.

ಇನ್ನು ಯಂತ್ರಕ್ಕೆ ಆಗದ ಕೆಲಸ. 0.01 ಶೇಕಡಾ ಸ್ಟ್ರೇನ್ ಎಂದರೆ ಈ ಬಿಲ್ಲೆಯಲ್ಲಿ 2 ಮೈಕ್ರಾನ್ ಚಲನೆ, ಸಡಿಲ ಮತ್ತು ಜಾರಿಕೆಯಲ್ಲೇ ಅದು ಮುಳುಗಿಹೋಗುತ್ತದೆ. ಗೋಪುರದ ಸಹಜ ಆವರ್ತನವನ್ನು ನಿರ್ಧರಿಸುವ ಬಿಗಿತ ಇರುವುದು ಆ ವಲಯದಲ್ಲೇ. ಅದಕ್ಕೆ ಮಣ್ಣಿನ ಮೂಲಕ ಪುಟ್ಟ ತರಂಗ ಹಾಯಿಸಿ ವೇಗ ಅಳೆಯುವ ಬೆಂಡರ್ ಎಲಿಮೆಂಟ್, ಅಥವಾ ಮಣ್ಣಿನ ಕಂಬವನ್ನು ಅದರ ಸಹಜ ಆವರ್ತನದಲ್ಲಿ ಕಂಪಿಸುವ ರೆಸೊನಂಟ್ ಕಾಲಮ್ ಬೇಕು. ಕೆಲವರು ಮುಚ್ಚಳಕ್ಕೇ ಬೆಂಡರ್ ಎಲಿಮೆಂಟ್ ಜೋಡಿಸಿ ಕೊಡುತ್ತಾರೆ. 20 ಮಿಮೀ ಎತ್ತರದಲ್ಲಿ ತರಂಗದ ದಾರಿ ತೀರಾ ಗಿಡ್ಡ, ಆಗಮನದ ಕ್ಷಣ ಗುರುತಿಸುವುದು ತ್ರಾಸ, ಆದರೂ ಇಲ್ಲದಿರುವುದಕ್ಕಿಂತ ಲೇಸು. ಬಿಲ್ಲೆಯ ಬದಿಗಳ ಮೇಲೆ ಬೀಳುವ ಒತ್ತಡವನ್ನೂ ಸಾಮಾನ್ಯ ಮಾದರಿಗಳು ಅಳೆಯುವುದಿಲ್ಲ, ಹಾಗಾಗಿ ಒತ್ತಡದ ಪೂರ್ಣ ಚಿತ್ರ ಸಿಗದು. ಮಗುಚಿದ ಬಕೆಟ್ಟಿನಂತಿದ್ದು ಒಳಗಿನ ನೀರು ಹೀರಿ ತಳಕ್ಕೆ ಇಳಿಸುವ ಸಕ್ಷನ್ ಬಕೆಟ್‌ನಂಥ ಅಡಿಪಾಯಕ್ಕೆ ಸೈಕ್ಲಿಕ್ ಟ್ರಯಾಕ್ಸಿಯಲ್ ಪರೀಕ್ಷೆಗಳನ್ನೂ ಜೊತೆಗಿಡಬೇಕು.

ಸಾಫ್ಟ್‌ವೇರ್ ಬಗ್ಗೆ ಒಂದೇ ದೂರು, ಆದರೆ ದೊಡ್ಡದು. ‘ಸೋಲು: 212ನೇ ಸುತ್ತು’ ಎಂದು ಹಸಿರು ಪಟ್ಟಿ ತೋರಿಸುತ್ತದೆ, ಯಾವ ಮಾನದಂಡದ ಮೇಲೆ ಎಂದು ಹೇಳುವುದಿಲ್ಲ. ಆವರ್ತಕ ಸ್ಟ್ರೇನ್ ಶೇ 15 ಆದಾಗಲೋ, ಸರಾಸರಿ ಸ್ಟ್ರೇನ್ ಶೇ 15 ಆದಾಗಲೋ, ತುದಿಯಿಂದ ತುದಿಗೆ ಅಳೆದ ಸ್ಟ್ರೇನೋ? ಒಂದೇ ಪರೀಕ್ಷೆಗೆ ಮೂರು ಉತ್ತರ ಸಾಧ್ಯ. ಕೆಲವು ಪ್ಯಾಕೇಜ್‌ಗಳು ಸುತ್ತಿನ ಗರಿಷ್ಠ, ಕನಿಷ್ಠ ಮಾತ್ರ ಉಳಿಸಿ ಉಳಿದದ್ದನ್ನು ಎಸೆಯುತ್ತವೆ. ಸೆಕೆಂಡಿಗೆ 10 ಬಿಂದುವಿನಂತೆ ಸುತ್ತಿಗೆ 100 ಬಿಂದು, 1500 ಸುತ್ತಿಗೆ ಒಂದೂವರೆ ಲಕ್ಷ ಸಾಲು. ಇಂದಿನ ಕಂಪ್ಯೂಟರಿಗೆ ಅದೇನೂ ಹೊರೆಯಲ್ಲ, ಪೂರ್ತಿ ಕಚ್ಚಾ ದತ್ತಾಂಶ ಹೊರತೆಗೆಯಲು ಬರಲೇಬೇಕು.

ಖರೀದಿ ಆದೇಶದಲ್ಲಿ ಈ ಪರೀಕ್ಷೆಯ ಮಾನದಂಡವಾದ ಎಎಸ್‌ಟಿಎಂ ಡಿ 8296 ಪ್ರಕಾರ ಎಂದಷ್ಟೇ ಬರೆದು ಬಿಡಬೇಡಿ. ಸ್ವೀಕಾರ ಪರೀಕ್ಷೆಯನ್ನೂ ಬರೆಯಿರಿ: ಉಕ್ಕಿನ ಗಟ್ಟಿ ಬಿಲ್ಲೆ ಇಟ್ಟು ಲಂಬ ಭಾರವನ್ನು ಪೂರ್ತಿಗೆ ಏರಿಸಿ ಸೊನ್ನೆಗೆ ಇಳಿಸಿ, ಮುಚ್ಚಳದ ಬಳಿ ಪ್ರತ್ಯೇಕ ಡಯಲ್ ಗೇಜ್ ಇಟ್ಟು ಚೌಕಟ್ಟಿನ ಸಡಿಲ ಓದಬೇಕು. ಸ್ಪ್ರಿಂಗ್ ಮಾದರಿಯ ಮೇಲೆ 0.1 ಹರ್ಟ್ಸ್‌ನಲ್ಲಿ 1500 ಸುತ್ತು ಓಡಿಸಬೇಕು, ಅದಕ್ಕೆ ನಾಲ್ಕು ಗಂಟೆ ಹತ್ತು ನಿಮಿಷ ಸಾಕು. ಸರಾಸರಿ ಒತ್ತಡ ಒಂದು ಕಡೆಗೆ ತೇಲಿಹೋಗಿರಬಾರದು. ಕೊನೆಗೆ ನಿಮ್ಮದೇ ಗಟ್ಟಿ ಮರಳಿನ ಒಂದು ಬಿಲ್ಲೆಯನ್ನು ಕೂರಿಸಿ ಸೋಲುವ ತನಕ ಓಡಿಸಿ, ಎತ್ತರದ ಗ್ರಾಫನ್ನು ಮೈಕ್ರಾನ್ ಅಳತೆಯಲ್ಲಿ ಮುದ್ರಿಸಿ ಕೊಡಲು ಹೇಳಿ. ಮಿಲಿಮೀಟರ್ ಅಳತೆಯ ಗ್ರಾಫಿನಲ್ಲಿ ಎಲ್ಲ ಯಂತ್ರಗಳೂ ಸರಳರೇಖೆಯನ್ನೇ ಬರೆಯುತ್ತವೆ.